ಓದುಗರ ಪ್ರಶ್ನೆ: ಎಚ್‌ಐವಿ ಲಸಿಕೆಗೆ ಪ್ರತಿಕಾಯಗಳೇ ದಾರಿ ತೋರುತ್ತವೆಯೇ?

ಪ್ರಶ್ನೆ: ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಎಚ್‌ಐವಿಗೆ ನಾಲ್ಕು ದಶಕ ಕಳೆದರೂ ಬಂದಿಲ್ಲ. ಸೋಂಕಿತರ ರಕ್ತದಲ್ಲಿಯೇ ಪ್ರತಿಕಾಯಗಳಿರುವಾಗ ಅಡ್ಡಿಯೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳು, ಇರುವುದು ನಿಜ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೋಂಕು ಗೊತ್ತಾಗುವುದೇ ಅವುಗಳಿಂದ. ಆದರೆ ಅವುಗಳಲ್ಲಿ ಹೆಚ್ಚಿನವು ವೈರಸ್ಸನ್ನು ಗುರುತಿಸುತ್ತವೆಯೇ ಹೊರತು ತಡೆಯಲಾರವು. ವೈರಸ್ಸಿನ ಹೊರಮೈ ಪ್ರೋಟೀನನ್ನು ಸಕ್ಕರೆ ಅಣುಗಳು ದಟ್ಟವಾಗಿ ಮುಚ್ಚಿರುತ್ತವೆ, ಮೇಲಾಗಿ ಅದು ಬಿಡುವಿಲ್ಲದೆ ರೂಪ ಬದಲಿಸುತ್ತದೆ.

ಆದರೂ ಕೆಲವರಲ್ಲಿ, ಸೋಂಕು ತಗುಲಿ ವರ್ಷಗಳಾದ ಮೇಲೆ, ಹತ್ತಾರು ತಳಿಗಳನ್ನು ಒಟ್ಟಿಗೆ ನಿಷ್ಕ್ರಿಯಗೊಳಿಸಬಲ್ಲ ಪ್ರತಿಕಾಯಗಳು ಹುಟ್ಟುತ್ತವೆ. ಅಮೆರಿಕದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದ ವಿಆರ್‌ಸಿ01 ಅಂಥದ್ದು. ಪ್ರಯೋಗಾಲಯದಲ್ಲಿ ಅದು ಪರೀಕ್ಷೆಗೊಡ್ಡಿದ ತಳಿಗಳ ಪೈಕಿ ಸುಮಾರು ಶೇ 90ರಷ್ಟನ್ನು ತಡೆಯಿತು. ನಮ್ಮ ಜೀವಕೋಶದ ಮೇಲಿನ ಸಿಡಿ4 ಎಂಬ ಅಣುವಿಗೆ ಅಂಟಿಕೊಳ್ಳಲು ವೈರಸ್ಸಿನ ಹೊರಮೈಯಲ್ಲಿರುವ ತಾಣವನ್ನೇ ಅದು ಹಿಡಿಯುತ್ತದೆ, ಮತ್ತು ಆ ತಾಣವನ್ನು ಮನಬಂದಂತೆ ಬದಲಿಸಿಕೊಂಡರೆ ವೈರಸ್ಸಿಗೇ ಒಳಹೊಗಲು ದಾರಿಯಿರದು. ವಿಪರ್ಯಾಸವೆಂದರೆ, ಇಂಥ ಪ್ರತಿಕಾಯ ಸಿದ್ಧವಾಗುವ ವೇಳೆಗೆ ಆ ವ್ಯಕ್ತಿಯ ದೇಹದೊಳಗಿನ ವೈರಸ್ಸು ಅದರಿಂದ ತಪ್ಪಿಸಿಕೊಂಡಿರುತ್ತದೆ. ಆರೋಗ್ಯವಂತರಲ್ಲಿ ಮೊದಲೇ ಅದನ್ನು ಹುಟ್ಟಿಸುವುದು ಲಸಿಕೆಯ ಕೆಲಸ.

ಕಷ್ಟವಿರುವುದು ಇಲ್ಲಿಯೇ. ವಿಆರ್‌ಸಿ01ರಂಥ ಪ್ರತಿಕಾಯವನ್ನು ಮುಂದೆ ತಯಾರಿಸಬಲ್ಲ ಮೂಲ ಬಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ನಮ್ಮಲ್ಲಿ ಲಕ್ಷಗಳಲ್ಲಿ ಒಂದರಷ್ಟು ವಿರಳ. ಸಹಜ ವೈರಸ್ ಪ್ರೋಟೀನಿಗೆ ಅವು ಓಗೊಡುವುದೇ ಇಲ್ಲ. ಆದ್ದರಿಂದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಲಿಯಂ ಶೀಫ್ ತಂಡವು ಪಕ್ವ ಪ್ರತಿಕಾಯದಿಂದ ಹಿಂದಕ್ಕೆ ಲೆಕ್ಕ ಹಾಕಿ, ಆ ಮೂಲಕೋಶಗಳನ್ನೇ ಎಬ್ಬಿಸುವ ಇಒಡಿ-ಜಿಟಿ8 ಎಂಬ ಕೃತಕ ಪ್ರೋಟೀನನ್ನು ರೂಪಿಸಿತು. 2022ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ ಲಸಿಕೆ ಪಡೆದ 36 ಮಂದಿಯಲ್ಲಿ 35 ಮಂದಿಗೆ ಅಪೇಕ್ಷಿತ ಕೋಶಗಳು ಎಚ್ಚೆತ್ತವು. ಇದನ್ನು ರಕ್ಷಣೆಯೆಂದು ಓದಬಾರದು. ಸುದ್ದಿಯ ಶೀರ್ಷಿಕೆಗಳು ಹಾಗೆ ಓದಿಸಿದ್ದುಂಟು. ಎಚ್ಚೆತ್ತ ಕೋಶಗಳನ್ನು ಬೇರೆ ಬೇರೆ ಪ್ರೋಟೀನುಗಳ ಸರಣಿ ಚುಚ್ಚುಮದ್ದಿನಿಂದ ಹಂತಹಂತವಾಗಿ ಪಳಗಿಸಬೇಕು, ಆ ಕೆಲಸ ಇನ್ನೂ ನಡೆದಿದೆ.

ಪ್ರಶ್ನೆ: ಪ್ರತಿಕಾಯವನ್ನೇ ನೇರವಾಗಿ ಕೊಡಬಾರದೇ?
– ಇನ್ನೊಬ್ಬರು, ಶಿರಸಿ

ಉತ್ತರ: ಕೊಟ್ಟು ನೋಡಿದ್ದಾರೆ. ವಿಆರ್‌ಸಿ01 ಅನ್ನು ಎಂಟು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ನೀಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2021ರಲ್ಲಿ ಹೊರಬಂತು. ಒಟ್ಟಾರೆ ಸೋಂಕು ಗಮನಾರ್ಹವಾಗಿ ತಗ್ಗಲಿಲ್ಲ. ಆದರೆ ಆ ಪ್ರತಿಕಾಯಕ್ಕೆ ಸುಲಭವಾಗಿ ಮಣಿಯುವ ತಳಿಗಳ ಸೋಂಕು ಸುಮಾರು ಶೇ 75ರಷ್ಟು ಕಡಿಮೆಯಾಯಿತು. ಒಂದೇ ಪ್ರತಿಕಾಯ ಸಾಲದೆಂಬುದು ಇದರಿಂದ ಖಚಿತವಾದ್ದರಿಂದ, ಬೇರೆ ಬೇರೆ ತಾಣಗಳನ್ನು ಹಿಡಿಯುವ ಎರಡು ಮೂರು ಪ್ರತಿಕಾಯಗಳ ಮಿಶ್ರಣವನ್ನು ಪರೀಕ್ಷಿಸಲಾಗುತ್ತಿದೆ.