ಸ್ಮಾರ್ಟ್ ಗ್ರಿಡ್‌ನಲ್ಲಿ ಸಂವಹನ ಜಾಲ ಕೈಕೊಟ್ಟರೆ ಕರೆಂಟೂ ಹೋಗುತ್ತದೆಯೇ?

ಎಲ್ಲ ಸಲವೂ ಅಲ್ಲ. ಮೀಟರ್ ರೀಡಿಂಗ್ ಹತ್ತು ಸೆಕೆಂಡ್ ತಡವಾದರೂ ನಡೆಯುತ್ತದೆ. ದೋಷ ಕಂಡರೆ ಬ್ರೇಕರ್ ತೆರೆಸಿ ಕರೆಂಟ್ ಕಡಿಯುವ ರಿಲೇಗಳ ಮಾತು ಬೇರೆ: ಸಬ್‌ಸ್ಟೇಷನ್ ಒಳಗಿನ ಟ್ರಿಪ್ ಸಂದೇಶ (ಕರೆಂಟ್ ಕಡಿಯುವ ಆದೇಶ) ಸುಮಾರು 3 ಮಿಲಿಸೆಕೆಂಡ್‌ನಲ್ಲಿ ತಲುಪಬೇಕು.

ತಡವಾಗುವುದಕ್ಕಿಂತ ಸಂದೇಶ ಹೋಗುವ, ಬರುವ ದಾರಿಗಳ ವಿಳಂಬ ಬೇರೆಬೇರೆಯಾದರೆ ಹೆಚ್ಚು ಅಪಾಯ. ಲೈನಿನ ಎರಡೂ ತುದಿಯ ಕರೆಂಟನ್ನು ಒಂದೇ ಕ್ಷಣಕ್ಕೆ ಹೋಲಿಸುವ ಲೈನ್ ಡಿಫರೆನ್ಷಿಯಲ್ ರಿಲೇ ಸಾಮಾನ್ಯವಾಗಿ ಹೋಗಿಬರುವ ಒಟ್ಟು ಸಮಯದ ಅರ್ಧವನ್ನೇ ಒಂದು ದಿಕ್ಕಿನ ವಿಳಂಬವೆಂದು ಹಿಡಿಯುತ್ತದೆ. ಹೋಗಲು 2, ಬರಲು 6 ಮಿಲಿಸೆಕೆಂಡ್ ಆದರೆ ಲೆಕ್ಕ 2 ಮಿಲಿಸೆಕೆಂಡ್ ತಪ್ಪುತ್ತದೆ; 50 ಹರ್ಟ್ಸ್‌ನಲ್ಲಿ ಅದು ಕರೆಂಟ್ ಅಲೆಯ ಒಂದು ಸುತ್ತಿನ (360 ಡಿಗ್ರಿ) 36 ಡಿಗ್ರಿ. ಲೈನ್ ಸರಿಯಿದ್ದರೂ ಲೋಡ್ ಕರೆಂಟ್‌ನ ಸುಮಾರು ಶೇ. 62ರಷ್ಟು ವ್ಯತ್ಯಾಸ ಕಂಡು ರಿಲೇ ಬ್ರೇಕರ್ ತೆರೆಯಬಹುದು. ಎರಡೂ ದಿಕ್ಕನ್ನು ಒಂದೇ ಮಾರ್ಗದಲ್ಲಿಡಿ, ಇಲ್ಲವೇ ಎರಡೂ ತುದಿಗೆ ಜಿಪಿಎಸ್ ಸಮಯ ಕೊಡಿ.

ಬ್ಯಾಕಪ್ ಫೈಬರನ್ನೂ ಅದೇ ಡಕ್ಟ್‌ನಲ್ಲಿ (ಕೇಬಲ್ ಸಾಗುವ ಕೊಳವೆ) ಎಳೆಯಬೇಡಿ. ರಸ್ತೆ ಅಗೆಯುವಾಗ ಎರಡೂ ಒಟ್ಟಿಗೇ ತುಂಡಾಗುತ್ತವೆ; ಅದು ಕಾಗದದ ಮೇಲಷ್ಟೇ ಬ್ಯಾಕಪ್.