ಕೆಲಸ ಬಿಡದೆ ಮೆಕ್ಯಾನಿಕಲ್‌ನಲ್ಲಿ ಗ್ರಾಜುಯೇಟ್ ಸರ್ಟಿಫಿಕೇಟ್ ಮಾಡಿದರೆ ಅದು ಎಂ.ಟೆಕ್‌ಗೆ ಸಮವೇ?

ಸಮ ಅಲ್ಲ. ಆದರೆ ಸ್ನಾತಕೋತ್ತರ ಪದವಿಯ ಒಂದು ತುಂಡು ಅನ್ನಬಹುದು. ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಾ ಓದಬೇಕು ಅನ್ನುವ ನಿಮ್ಮಂಥವರಿಗೆ ಆ ತುಂಡೇ ಅನುಕೂಲ.

ವಿಷಯ ಇರುವುದು ಕ್ರೆಡಿಟ್‌ನಲ್ಲಿ. ಒಂದೊಂದು ಕೋರ್ಸಿನಲ್ಲಿ ಎಷ್ಟು ಓದಿದ್ದೀರಿ ಅನ್ನುವುದರ ಲೆಕ್ಕ ಅದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 30ರ ಆಸುಪಾಸು ಕ್ರೆಡಿಟ್ ಬೇಕು. ಸರ್ಟಿಫಿಕೇಟ್‌ಗೆ ಹೆಚ್ಚಾಗಿ 9ರಿಂದ 15, ಅಂದರೆ ಮೂರರಿಂದ ಐದು ಕೋರ್ಸು. ಪಾಠ, ಪರೀಕ್ಷೆ ಸಾಮಾನ್ಯವಾಗಿ ಎರಡಕ್ಕೂ ಅವೇ. ಹಾಗಾಗಿ ಮುಂದೆ ಪೂರ್ತಿ ಪದವಿಗೆ ಸೇರಿದರೆ ಎಷ್ಟೋ ಕಡೆ ಈ ಕ್ರೆಡಿಟ್ ಜಮೆ ಆಗುತ್ತದೆ. ಎಲ್ಲ ಕಡೆ ಅಲ್ಲ. ಫೀಸು ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಕ್ರೆಡಿಟ್ಟೇ ಇಲ್ಲದ ಸರ್ಟಿಫಿಕೇಟುಗಳೂ ನಮ್ಮಲ್ಲಿ ಬೇಕಾದಷ್ಟಿವೆ.

ಕೋರ್ಸು ಆರಿಸುವಾಗ ನಿಮ್ಮ ಮೇಜಿನ ಮೇಲಿರುವ ಕೆಲಸ ನೋಡಿ. ಬ್ರ್ಯಾಕೆಟ್ ಒಂದು ಪದೇ ಪದೇ ವೆಲ್ಡಿಂಗ್ ಅಂಚಿನಲ್ಲೇ ಬಿರುಕು ಬಿಡುತ್ತಿದೆ ಅಂದುಕೊಳ್ಳಿ. ಸುಮ್ನೆ ತಗಡಿನ ದಪ್ಪ ಹೆಚ್ಚಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ, ಅಲ್ವಾ? ಸಣ್ಣ ಹೊರೆಯೂ ಲಕ್ಷಾಂತರ ಸಲ ಬಿದ್ದರೆ ಲೋಹ ಸೋಲುತ್ತದೆ. ಅದಕ್ಕೆ ಫಟೀಗ್ ಅನ್ನುತ್ತಾರೆ. ಆ ವಿಷಯ ಓದಿದವರು ಬಿರುಕು ಅಲ್ಲೇ ಯಾಕೆ ಹುಟ್ಟಿತು ಅಂತ ಹುಡುಕುತ್ತಾರೆ.

ಜಾಸ್ತಿ ದುಡ್ಡು ಹಾಕುವ ಮೊದಲು ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ 8 ಅಥವಾ 12 ವಾರದ ಒಂದು ಕೋರ್ಸ್ ಮಾಡಿ ನೋಡಿ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ನೈಟ್ ಶಿಫ್ಟ್ ವಾರದಲ್ಲೂ ಅಸೈನ್‌ಮೆಂಟ್ ಮುಗಿಸಲು ಆಗುತ್ತಾ ಅನ್ನುವುದು ಅಲ್ಲೇ ತಿಳಿಯುತ್ತದೆ. ಇನ್ನು, ರೆಕಾರ್ಡ್ ಮಾಡಿದ ಪಾಠ ಕೊಡದ ಕೋರ್ಸು ಶಿಫ್ಟ್‌ನವರಿಗೆ ಬೇಡವೇ ಬೇಡ.