ಪ್ಯಾಸೆಂಜರ್ ಗಾಡಿಯೇ ನಮ್ಮ ಲೋಕಲ್

ಪ್ರಶ್ನೆ: ಅಕ್ಕಾ, ನಮಸ್ಕಾರ. ವಿಜಯಪುರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಮಗಳು ನಾಲ್ಕನೇ ಕ್ಲಾಸು. ರಜೆಗೆ ಬೆಂಗಳೂರಿನ ಅತ್ತೆ ಮನೆಗೆ ಹೋದವಳು ದಿನವಿಡೀ ಮೆಟ್ರೊದಲ್ಲಿ ಸುತ್ತಿ ಬಂದಿದ್ದಾಳೆ. ಈಗ ಬಾಯಿ ಬಿಟ್ಟರೆ ಹಸಿರು ಲೈನು, ನೇರಳೆ ಲೈನು. ‘ಅಪ್ಪಾ, ನಮ್ಮಲ್ಲೂ ರೈಲಲ್ಲೇ ಸುತ್ತೋಣ’ ಅಂತ ಗಂಟು ಬಿದ್ದಿದ್ದಾಳೆ. ಭಾನುವಾರ ಒಂದೇ ದಿನ ಅಂಗಡಿ ಬಂದ್. ನಮ್ಮ ಕಡೆ ಅಂಥದ್ದು ಏನಿದೆ?

ಉತ್ತರ: ಮೆಟ್ರೊ ಇಲ್ಲ, ಮುಂಬೈ ಥರದ ಲೋಕಲ್ ಇಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಇದೆಯಲ್ಲ ಅನ್ನಬೇಡಿ, ಅದು ಬಸ್ಸು. ಆದರೆ ನಿಮ್ಮ ಮನೆ ಹತ್ತಿರವೇ, ಸೊಲ್ಲಾಪುರದ ಪಕ್ಕದ ಹೊಟಗಿಯಿಂದ ಬರುವ ಹೊಟಗಿ-ಗದಗ ಲೈನ್ ಇದೆ. 284 ಕಿಲೋಮೀಟರ್ ಉದ್ದ. ಅದರಲ್ಲಿ ಓಡುವ ಪ್ಯಾಸೆಂಜರ್ ಗಾಡಿಯೇ ನಮ್ಮ ಲೋಕಲ್. ನಾನು ಬಾಗಲಕೋಟೆಯಿಂದ ಬಾದಾಮಿಯ ಶಾಲೆಗೆ ಪಾಠ ಹೇಳಲು ಪಾಸ್ ಮಾಡಿಸಿಕೊಂಡು ಓಡಾಡಿದವಳು. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ಮೊದಲು ವಾಪಸ್ ಬರುವ ಗಾಡಿ ನೋಡಿ, ಆಮೇಲೆ ಹೋಗುವ ಗಾಡಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಬೆಳಿಗ್ಗೆ ಖುಷಿಯಿಂದ ಹೊರಟು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಗು ಹೆಗಲ ಮೇಲೆ ಹಾಕಿಕೊಂಡು ನಿಂತಿರುತ್ತಾರೆ. ಭಾನುವಾರ ಓಡದ ಗಾಡಿಗಳೂ ಇರುತ್ತವೆ, ಸಮಯವೂ ಆಗಾಗ ಬದಲಾಗುತ್ತೆ. ಹಿಂದಿನ ದಿನವೇ 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ವಾಪಸ್ ಗಾಡಿ ಸಿಗುವ ಕೊನೇ ಊರು ಯಾವುದೋ ಅಲ್ಲಿಗೇ ನಿಮ್ಮ ಪ್ರವಾಸ ಮುಗಿಯಿತು ಅನ್ನಿ. ನನ್ನ ಲೆಕ್ಕದಲ್ಲಿ ಅದು ಬಾದಾಮಿ. ವಿಜಯಪುರದಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ದೂರ. ಗದಗಿನವರೆಗೆ ಎಳೆದರೆ ಮಗು ಸುಸ್ತಾಗುತ್ತೆ, ನೀವೂ ಸುಸ್ತು.

ಟಿಕೆಟ್ ವಿಷಯ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರೊಳಗೆ ಜನರಲ್ ಬೋಗಿಗೆ ಅರ್ಧ ಚಾರ್ಜು. ನಿಮ್ಮ ಮಗಳದು ಅರ್ಧ. ಬಾದಾಮಿಗೆ ಒಂದೇ ಟಿಕೆಟ್ ತೆಗೆದುಕೊಂಡು ನಡುವೆ ಆಲಮಟ್ಟಿಯಲ್ಲಿ ಇಳಿದು, ಮುಂದಿನ ಗಾಡಿಗೆ ಅದನ್ನೇ ತೋರಿಸೋಣ ಅಂದುಕೊಳ್ಳಬೇಡಿ. ಇಷ್ಟು ಕಡಿಮೆ ದೂರದ ಟಿಕೆಟ್‌ನಲ್ಲಿ ನಡುವೆ ಇಳಿದು ಹತ್ತಲು ಬಿಡುವುದಿಲ್ಲ. ಇಳಿದಲ್ಲೆಲ್ಲ ಹೊಸ ಟಿಕೆಟ್. ಪ್ಯಾಸೆಂಜರ್‌ನ ಕನಿಷ್ಠ ಚಾರ್ಜು ಹತ್ತು ರೂಪಾಯಿ, ಅದೇನು ಭಾರ ಅಲ್ಲ. ಆದರೆ ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಬೇಡಿ. ಟಿಸಿ ಬಂದರೆ ದಂಡ.

ಕೂರುವುದು ಬಲಗಡೆ. ಇದನ್ನು ಪಾಸ್‌ನವರು ಯಾರಿಗೂ ಹೇಳಿಕೊಡುವುದಿಲ್ಲ! ಬೆಳಿಗ್ಗೆ ಗಾಡಿ ದಕ್ಷಿಣಕ್ಕೆ ಹೋಗುತ್ತೆ, ಬಿಸಿಲು ಎಡಗಡೆ. ಸಂಜೆ ಉತ್ತರಕ್ಕೆ ಬರುವಾಗಲೂ ಬಿಸಿಲು ಎಡಗಡೆಯೇ. ಎರಡೂ ಹೊತ್ತು ಮುಖ ಮುಂದಕ್ಕೆ ಮಾಡಿ ಬಲಗಡೆ ಕಿಟಕಿ ಹಿಡಿದರೆ ನೆರಳು ನಿಮ್ಮದು.

ಇನ್ನು ಮಗಳಿಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ ಕೊಡಿ. ಪ್ರತಿ ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಎತ್ತರ ಅಂತ ಮೀಟರ್‌ನಲ್ಲಿ ಬರೆದಿರುತ್ತೆ. ಗಾಡಿ ನಿಂತಲ್ಲೆಲ್ಲ ಅದನ್ನು ಬರೆದುಕೊಳ್ಳಲಿ. ವಿಜಯಪುರದ ಸಂಖ್ಯೆಯನ್ನೂ ಆಲಮಟ್ಟಿಯ ಸಂಖ್ಯೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಹೊಳೆ ಕಡೆಗೆ ನೆಲ ಎಷ್ಟು ಇಳಿದಿದೆ ಅಂತ ಅವಳೇ ಹೇಳುತ್ತಾಳೆ. ನಾನು ನಮ್ಮ ಶಾಲೆ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟಿದ್ದು ಅರ್ಧ ಹೀಗೇ. ಮತ್ತೊಂದು ಕೇಳಿ: ಬೆಂಗಳೂರು ಮೆಟ್ರೊದ ಮೇಲೆ ಕರೆಂಟ್ ತಂತಿ ಇತ್ತಾ? ಇಲ್ಲ. ಅಲ್ಲಿ ಹಳಿಯ ಪಕ್ಕದಲ್ಲೇ ಮೂರನೇ ಹಳಿಯಲ್ಲಿ 750 ವೋಲ್ಟ್ ಹರಿಯುತ್ತೆ. ನಮ್ಮ ಲೈನಿನಲ್ಲಿ ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಮೋಟರ್ ಕಟ್ಟುವ ಅಪ್ಪ ಇದನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತೀರಿ. ಹಳಿಯ ಅಗಲವೂ ಬೇರೆ. ಮೆಟ್ರೊದ್ದು 1435 ಮಿಲಿಮೀಟರ್, ನಮ್ಮದು 1676. ಹಿಂದೆ ಮೀಟರ್ ಗೇಜ್ ಇದ್ದಾಗ ನಮ್ಮದು ಬರೀ ಒಂದು ಮೀಟರ್. ಆಗಿನ ಬೋಗಿಯಲ್ಲಿ ಎದುರು ಕೂತವರ ಮೊಣಕಾಲು ನಮಗೆ ತಾಗುತ್ತಿತ್ತು.

ವಿಜಯಪುರ ಬಿಟ್ಟು ಸ್ವಲ್ಪ ಹೊತ್ತಿಗೆ ಡೋಣಿ ಹೊಳೆ. ನೀರು ಉಪ್ಪು, ಆದರೆ ಅದರ ಎರೆಮಣ್ಣಿನ ಬಿಳಿಜೋಳಕ್ಕೆ ಸಾಟಿ ಇಲ್ಲ. ಕೂಡಗಿ ಬಂದಾಗ ಎನ್‌ಟಿಪಿಸಿಯ ಚಿಮಣಿಗಳು. 2,400 ಮೆಗಾವ್ಯಾಟ್ ಸ್ಥಾವರ ಅದು. ಅಲ್ಲಿಗೆ ಕಲ್ಲಿದ್ದಲು ಹೋಗುವುದೂ ಇದೇ ಹಳಿಯ ಮೇಲೆ. ಒಂಟಿ ಹಳಿ ಇದ್ದ ಕಾಲದಲ್ಲಿ ಗೂಡ್ಸ್‌ಗೆ ದಾರಿ ಬಿಡಲು ನಮ್ಮ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸುತ್ತಿದ್ದರು. ‘ಕ್ರಾಸಿಂಗ್ ಬಿತ್ತು’ ಅಂದರೆ ಸಾಕು, ನಮ್ಮ ಪಾಸ್ ಗುಂಪಿನ ಹೆಂಗಸರು ಚೀಲದಿಂದ ಮೆಂತೆ ಕಟ್ಟು ತೆಗೆದು ಪೇಪರ್ ಹಾಸಿ ಪಲ್ಯ ಸೋಸಲು ಕೂರುತ್ತಿದ್ದರು. ಬೇರು ಕಿತ್ತು ಕಿಟಕಿಯಾಚೆ, ಎಲೆ ಸೆರಗಿಗೆ. ಮನೆ ಮುಟ್ಟುವಷ್ಟರಲ್ಲಿ ಒಗ್ಗರಣೆ ಒಂದೇ ಬಾಕಿ. ನಾನು ಅದೇ ಹೊತ್ತಿಗೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮೆಂತೆ ವಾಸನೆ ಹತ್ತಿದ ಪೇಪರುಗಳನ್ನು ಮಕ್ಕಳು ಮೂಸಿ ನೋಡುತ್ತಿದ್ದವು.

ಆಲಮಟ್ಟಿ ದಾಟಿದ ಮೇಲೆ ಕೃಷ್ಣೆ. ಸೇತುವೆ ಬರುವ ಮೊದಲೇ ಮಗಳನ್ನು ಎಬ್ಬಿಸಿ ಕೂರಿಸಿ. ಹೊಳೆಗೆ ಆಚೆ ಬಾಗಲಕೋಟೆ ಜಿಲ್ಲೆ. ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಇಟ್ಟಿದ್ದು, ಅದಕ್ಕೇ ಜಲಾಶಯಕ್ಕೆ ಅವರ ಹೆಸರು. 26 ಗೇಟು. ಅದರ ಹಿನ್ನೀರಿಗೇ ನಮ್ಮ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹೋದವು, ನಾವು ನವನಗರಕ್ಕೆ ಬಂದೆವು. ಆ ಕತೆ ಇಲ್ಲಿ ಬೇಡ, ಕೂತರೆ ಏಳುವುದಿಲ್ಲ ನಾನು.

ಬಾದಾಮಿಯಲ್ಲಿ ಸ್ಟೇಷನ್ ಒಂದು ಕಡೆ, ಊರು ಒಂದು ಕಡೆ. ನಡುವೆ ಐದು ಕಿಲೋಮೀಟರ್. ಷೇರ್ ಆಟೋ ಸಿಗುತ್ತೆ. ಮೂರನೇ ಗುಹೆ ಒಂದನ್ನೇ ಸಾವಕಾಶ ನೋಡಿ. ಕ್ರಿ.ಶ. 578ರ, ಚಾಲುಕ್ಯರ ಮಂಗಳೇಶನ ಶಾಸನ ಇರುವುದು ಅಲ್ಲೇ. ಪಟ್ಟದಕಲ್ಲು, ಐಹೊಳೆ, ಬನಶಂಕರಿ ಎಲ್ಲ ಒಂದೇ ದಿನಕ್ಕೆ ತುರುಕಬೇಡಿ. ನೀವು ಹೊರಟಿದ್ದು ರೈಲು ನೋಡಲು, ಅಲ್ವಾ? ಗಾಡಿಗೆ ಅರ್ಧ ಗಂಟೆ ಮೊದಲೇ ಸ್ಟೇಷನ್ನಿಗೆ ಬಂದು ಕೂತು ಚುರಮುರಿ ತಿನ್ನಿ. ಬುತ್ತಿ ಕಟ್ಟಿಕೊಂಡೇ ಹೋಗಿ, ಪ್ಯಾಸೆಂಜರ್‌ನಲ್ಲಿ ಊಟ ಸಿಗುತ್ತೆ ಅಂತ ನಂಬಬೇಡಿ.

ಪ್ರಶ್ನೆ: ಬೆಳಗಾವಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ರೈಲಲ್ಲಿ ಹೋಗಿ ದೂಧ್‌ಸಾಗರದ ಹತ್ತಿರ ಇಳಿದು ಹಳಿ ಮೇಲೆ ನಡೆಯುವ ಪ್ಲ್ಯಾನ್ ಇದೆ. ಮೇಡಂ, ಏನಂತೀರಿ?

ಉತ್ತರ: ಬೇಡ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಕ್ಯಾಸಲ್‌ರಾಕ್‌ನಿಂದ ಕುಲೇಂವರೆಗಿನ ಆ ಘಾಟಿನಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಇಳಿಜಾರು. ಅಲ್ಲಿ ಬರುವ ಗಾಡಿ ನಿಮ್ಮನ್ನು ನೋಡಿ ತಟ್ಟನೆ ನಿಲ್ಲುವುದಿಲ್ಲ, ನೀರಿನ ಸದ್ದಿನಲ್ಲಿ ಅದರ ಹಾರ್ನೂ ನಿಮಗೆ ಕೇಳುವುದಿಲ್ಲ. ಗಾಡಿಯಲ್ಲೇ ಕೂತು ನೋಡಿ, ಜಲಪಾತದ ಮುಂದೆಯೇ ಹಾದು ಹೋಗುತ್ತೆ. ಅದೂ ಬೇಡ ಅಂದರೆ ಮಿರಜ್ ಕಡೆಯ ಪ್ಯಾಸೆಂಜರ್ ಹತ್ತಿ. ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ, ರಾಯಬಾಗ, ಕುಡಚಿ. ಘಟಪ್ರಭೆ, ಕೃಷ್ಣೆ ಎರಡನ್ನೂ ದಾಟುತ್ತೀರಿ. ಕಬ್ಬಿನ ಸೀಸನ್‌ನಲ್ಲಿ ಹೋದರೆ ಕಿಟಕಿಯಾಚೆ ಬರೀ ಕಬ್ಬು.

ಪ್ರಶ್ನೆ: ಅಕ್ಕಾ, ನೀವು ಬರೀ ರೈಲು ಇರುವ ಊರಿನವರಿಗೆ ಹೇಳುತ್ತೀರಿ. ನಮ್ಮ ಜಮಖಂಡಿಗೆ ಗಾಡಿ ಯಾವಾಗ?

ಉತ್ತರ: ನಿಮ್ಮ ಸಿಟ್ಟು ಸರಿಯೇ. ನಿಮ್ಮೂರ ಮೇಲೆ ಹಾಯಬೇಕಾದ ಬಾಗಲಕೋಟೆ-ಕುಡಚಿ ಲೈನು 142 ಕಿಲೋಮೀಟರ್. ಅದಕ್ಕೆ ಮಂಜೂರಾತಿ ಸಿಕ್ಕಿದ್ದು 2010ರ ಹೊತ್ತಿಗೆ. ಅದಕ್ಕಾಗಿ ಧರಣಿ ಕೂತವರ ತಲೆ ನೆರೆತಿದೆ. ತಾರೀಕು ಹೇಳಲು ನಾನು ಜ್ಯೋತಿಷಿ ಅಲ್ಲ. ಆ ಲೈನು ಪೂರ್ತಿಯಾದರೆ ಬಾಗಲಕೋಟೆಯಿಂದ ಬೆಳಗಾವಿಗೆ ಹುಬ್ಬಳ್ಳಿ ಸುತ್ತದೆ ಹೋಗಬಹುದು. ಸದ್ಯಕ್ಕೆ ಬಸ್ಸಲ್ಲಿ ಕುಡಚಿಗೆ ಹೋಗಿ, ಅಲ್ಲಿ ಬೆಳಗಾವಿ ಗಾಡಿ ಹಿಡಿಯಿರಿ. ಇದರಲ್ಲಿ ಎಡಗಡೆ ಬಲಗಡೆ ಅಂತ ನೋಡಬೇಡಿ, ಸೀಟು ಸಿಕ್ಕರೆ ಕೂತುಬಿಡಿ.